ಗಾಣದ ಕಪ್ಪು ನೀರು

ಟ್ಯಾಂಕರ್ ಅರ್ಧ ಗಂಟೆಯಲ್ಲೇ ಖಾಲಿಯಾಗಿ ವಾಪಸು ಬಂದಾಗ ಮಬ್ರೂಕಾಳಿಗೆ ಅನುಮಾನ ಬಂತು. ಆಲಿವ್ ಅರೆದಾಗ ಗಾಣದಿಂದ ಹೊರಬರುವ ಕಪ್ಪು ಕೊಳೆನೀರನ್ನು ಸುರಿಯಬೇಕಾದ ಕೊಳ ಸ್ಫಾಕ್ಸ್ ನಗರದ ರಸ್ತೆಯಾಚೆ, ಹೋಗಿಬರಲು ಎರಡು ಗಂಟೆಯ ದಾರಿ. ಬಗ್ಗಿ ಹಿಂಚಕ್ರ ನೋಡಿದಳು. ಕೊಳದ ದಾರಿಯ ಬಿಳಿ ಧೂಳಿರಲಿಲ್ಲ. ಹಸಿ ಕೆಸರಿತ್ತು, ಅದರಲ್ಲೊಂದು ಕಣಗಿಲೆ ಎಲೆ. ಆ ಸುತ್ತಿನಲ್ಲಿ ಕಣಗಿಲೆ ಬೆಳೆಯುವುದು ಹಳ್ಳದ ದಂಡೆಯಲ್ಲಿ ಮಾತ್ರ. ಹಳ್ಳದ ಪಕ್ಕದಲ್ಲೇ ಊರವರು ಕುಡಿಯುವ ಬಾವಿಗಳಿದ್ದವು.

"ಹತ್ತಾಬ್, ಯಾವ ದಾರೀಲಿ ಹೋಗಿದ್ದೆ?"

"ದಿನಾ ಹೋಗೋ ದಾರೀಲೇ ಅಕ್ಕಾ," ಎಂದ ಚಾಲಕ.

"ದಿನಾ ಹೋಗೋದು ಹಳ್ಳಕ್ಕಾ?" ಎಂದು ಎಲೆ ತೋರಿಸಿದಳು.

ಇವನದೇ ಮೈಗಳ್ಳತನ ಎಂದುಕೊಂಡಿದ್ದಳು. ಆದರೆ ಹತ್ತಾಬನ ಕಣ್ಣು ಅವಳನ್ನು ದಾಟಿ ಗಾಣದ ಬಾಗಿಲಿಗೆ ಹೋಗಿ, ಥಟ್ಟನೆ ನೆಲಕ್ಕಿಳಿಯಿತು. ತಿರುಗಿದರೆ, ಬಾಗಿಲಲ್ಲಿ ಅಣ್ಣ ಖಮೈಸ್. ಗಾಣದಲ್ಲಿ ಅವನಿಗೂ ಅವಳಿಗೂ ಸಮಪಾಲು.

"ಸುಗ್ಗಿ ಟೈಮು ಕಣೇ. ಗಾಡಿ ಅಷ್ಟು ದೂರ ಹೋಗಿ ಬರೋಷ್ಟ್ರಲ್ಲಿ ತೊಟ್ಟಿ ತುಂಬಿ ಕೆಲಸ ನಿಲ್ಲುತ್ತೆ. ಇದೊಂದು ವಾರ ಸುಮ್ನಿರು."

ಅಂಗಳದಲ್ಲಿ ಆಲಿವ್ ಚೀಲಗಳ ಜೊತೆ ಊರವರ ಸಾಲಿತ್ತು. ಮಬ್ರೂಕಾ ಒಳಗೆ ಹೋಗಿ ಯಂತ್ರ ನಿಲ್ಲಿಸಿ, ಅದರ ಕೀಲಿಯನ್ನೇ ಕಿತ್ತುಕೊಂಡು ಬಂದಳು.

"ತಲೆ ಕೆಟ್ಟಿದೆಯಾ ನಿಂಗೆ? ಜನ ಕಾಯ್ತಿದಾರೆ."

"ಕಾಯ್ಲಿ. ಯಾಕೆ ನಿಲ್ಸಿದ್ದು ಅಂತ ಅವ್ರಿಗೆ ನೀನು ಹೇಳ್ತೀಯೋ, ನಾನೇ ಹೇಳ್ಲೋ?"

ಖಮೈಸ್ ಸಾಲಿನತ್ತ ನೋಡಿದ. ಬಾವಿ ನೀರು ಕುಡಿಯುವವರೇ ಎಲ್ಲ. ಕೊನೆಗೆ ಹತ್ತಾಬನಿಗೆ, "ತುಂಬಿಸ್ಕೊಂಡು ಕೊಳಕ್ಕೇ ಹೋಗು," ಎಂದ.

ಮಬ್ರೂಕಾ ಆ ಮಾತನ್ನೂ ನಂಬಲಿಲ್ಲ. ಟ್ಯಾಂಕರ್ ತುಂಬಿದ ಮೇಲೆ ಕೀಲಿ ಹಿಡಿದುಕೊಂಡೇ ಹತ್ತಿ, ಚಾಲಕನ ಪಕ್ಕದಲ್ಲಿ ಕೂತಳು.