ಸಾಂಬಾರು ಪುಡಿಗೆ ಏನಾಯಿತು?

ತುಂಗಾ ಪುಡಿಯ ಪೊಟ್ಟಣವನ್ನು ಲೋಕನಾಥನ ಮೇಜಿಗೆ ಕುಕ್ಕಿದಳು. ಪೊಟ್ಟಣ ಒಡೆದು ಮೇಜೆಲ್ಲ ಕೆಂಪಾಯಿತು.

"ಎಂತ ಕಲಬೆರಕೆ ಮಾಡಿದ್ದು ನೀವು? ಮರದ ಹೊಟ್ಟೋ, ಇಟ್ಟಿಗೆ ಪುಡಿಯೋ?"

ಮೂಡುಬಿದಿರೆಯ ಆ ಮಸಾಲೆ ಪುಡಿ ಮಿಲ್ಲಿನ ಯಜಮಾನ ಲೋಕನಾಥ ಸೀನುತ್ತಲೇ ಎದ್ದ. "ಸ್ವಲ್ಪ ಕೂತುಕೊಳ್ಳಿ ಅಮ್ಮ."

"ಕೂರಲಿಕ್ಕೆ ಬಂದದ್ದಲ್ಲ ನಾನು."

ಮುಂಡಾಜೆಯಿಂದ ಬಸ್ಸು ಬದಲಿಸಿ ಬಂದಿದ್ದಳು. ತುಂಗಾ ಶಾಲೆಯ ಟೀಚರು. ಬೆಳಿಗ್ಗೆ ಕೊತ್ತಂಬರಿ ಹುರಿಯುತ್ತ ಕೂತರೆ ಪಾಠದ ಹೊತ್ತು ಮೀರುತ್ತದೆ. ಎಪ್ಪತ್ತೆಂಟನೇ ಇಸವಿಯಲ್ಲಿ ಮದುವೆಯಾಗಿ ಬಂದಂದಿನಿಂದ ಈ ಪುಡಿಯನ್ನು ಗುಟ್ಟಾಗಿ ತಂದು ಭರಣಿಗೆ ಸುರಿದು, ತಾನೇ ಹುರಿದು ಕುಟ್ಟಿದ್ದೆನ್ನುತ್ತಿದ್ದಳು. ಮಾವ ಮಡಿಯ ಮನುಷ್ಯ. ಬೆರಳು ಚೀಪಿ ಉಣ್ಣುತ್ತಿದ್ದರು. ಸೊಸೆಯ ಸಾಂಬಾರನ್ನು ಊರಿಡೀ ಹೊಗಳಿದ್ದರು.

ಈ ತಿಂಗಳು ಎಲೆ ತಳ್ಳಿ ಎದ್ದುಬಿಟ್ಟರು. "ಶಾಲೆಯ ಅಮಲು ತಲೆಗೇರಿ ಕೈರುಚಿ ಹೋಯಿತು. ರಾಜೀನಾಮೆ ಕೊಟ್ಟು ಒಲೆ ನೋಡಿಕೋ." ಗಂಡ ತಲೆ ತಗ್ಗಿಸಿ ಮಜ್ಜಿಗೆ ಕಲಸಿಕೊಂಡ.

"ನಿಮ್ಮ ಲಾಭದ ಆಸೆಗೆ ನನ್ನ ಕೆಲಸ ಹೋಗ್ತದೆ! ಮೊದಲಿನ ಹಾಗೆಯೇ ಮಾಡಿ ಕೊಡಿ."

"ಲಾಭಕ್ಕಲ್ಲ ಅಮ್ಮ. ಮೆಣಸು, ಕೊತ್ತಂಬರಿ, ಇಂಗು ಎಲ್ಲ ಅದೇ ಉಂಟು. ತೆಗೆದದ್ದು ಬೆಳ್ಳುಳ್ಳಿ ಮಾತ್ರ."

"ಬೆಳ್ಳುಳ್ಳಿ ಇತ್ತಾ?"

"ಎಣ್ಣೆಯಲ್ಲಿ ಕೆಂಪಗೆ ಹುರಿದು ಹಾಕ್ತಿದ್ದೆವು. ತಿಂದು ಗೊತ್ತಿಲ್ಲದವರಿಗೆ ಇಂಗಿನ ಪರಿಮಳ ಅಂತಲೇ ಅನ್ನಿಸ್ತದೆ."

ಮಾವ ಬೆರಳು ಚೀಪುವುದು ಅವಳ ಕಣ್ಣಿಗೆ ಕಟ್ಟಿತು. ಆದರೂ ಸಿಟ್ಟು ಇಳಿಯಲಿಲ್ಲ. "ಬೇಡದವರಿಗೆ ಬೇರೆ ಮಾಡಬಹುದಿತ್ತಲ್ಲ?"

"ಇರುವುದು ಒಂದೇ ಯಂತ್ರ ಮಾರಾಯ್ರೇ. ಬೆಳ್ಳುಳ್ಳಿ ತಾಗಿದ ಯಂತ್ರದ ಪುಡಿ ದೇವಸ್ಥಾನದ ಊಟಕ್ಕೆ ಆಗುದಿಲ್ಲಂತೆ. ಆರ್ಡರು ದೊಡ್ಡದು. ಹಾಗಾಗಿ ಎಲ್ಲದರಿಂದಲೂ ತೆಗೆದೆ."

"ಯಾರು ಆ ಆರ್ಡರು ಕೊಟ್ಟ ಪುಣ್ಯಾತ್ಮ?"

"ಮುಂಡಾಜೆಯ ಮಹಾಲಿಂಗ ಭಟ್ಟರು," ಎಂದ ಲೋಕನಾಥ. "ಬೆಳ್ಳುಳ್ಳಿ ತೆಗೆದರೆ ರುಚಿ ಹೋಗ್ತದೆ ಭಟ್ರೇ ಅಂದದ್ದಕ್ಕೆ ನನಗೇ ಬೈದರು: 'ನನ್ನ ಸೊಸೆ ಬೆಳ್ಳುಳ್ಳಿ ಮುಟ್ಟದೆ ಎಂಥ ಪುಡಿ ಮಾಡ್ತಾಳೆ, ಬಂದು ಕಲಿತು ಹೋಗು!'"