ಮೌನಗೌರಿಯ ತಾಲೀಮು

"ಕಾದಂಬರಿಯ ಮುಕ್ತಾಯದ ಬಗ್ಗೆ ತಮ್ಮ ಅಭಿಪ್ರಾಯವೇನು?" ಎಂದು ಓದಿ ಮೌನಗೌರಿ ಗಂಡನ ಮುಖ ನೋಡಿದಳು.

"ಪರವಾಗಿಲ್ಲ," ಎಂದ ಗಂಡ, ಕತ್ತರಿಗೆ ಎಣ್ಣೆ ಬಿಡುತ್ತ. ಗಿರಾಕಿಗಳಿಲ್ಲದ ಮಧ್ಯಾಹ್ನ. ಅವನ ಕ್ಷೌರದಂಗಡಿಯ ತಿರುಗುಕುರ್ಚಿಯಲ್ಲಿ ಅವಳೊಬ್ಬಳೇ ಕೂತಿದ್ದಳು.

"ಅಷ್ಟೇನಾ?"

"ಅಷ್ಟೇ. ನಾಳೆ ನಿನ್ನ ಕೂಟದವರೂ ಇದನ್ನೇ ಹೇಳೋದು. ಆಮೇಲೆ ಬಿಸ್ಕತ್ತು ತಿಂದು ಮನೆಗೆ ಹೋಗ್ತಾರೆ."

ಅವಳು ಪ್ರಶ್ನೆಗಳ ಹಾಳೆಯನ್ನು ಮಡಿಲಿಗಿಟ್ಟುಕೊಂಡಳು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವಳು. ಅಲ್ಲಿ ಕೈಗೆ ಕೆಲಸವೇ ಹೊರತು ಬಾಯಿಗಲ್ಲ. ವಾಚನಾಲಯದ ಓದುಗರ ಕೂಟಕ್ಕೆ ಸೇರಿದ ಮೇಲೂ ಅದೇ ಕಥೆ. ಪುಸ್ತಕವನ್ನು ಎರಡೆರಡು ಸಲ ಓದಿಕೊಂಡು ಹೋಗಿ, ಮೂಲೆ ಹಿಡಿದು, ತುಟಿ ಪಿಟಕ್ಕೆನ್ನದೆ ಎದ್ದು ಬರುವುದು. ಮೌನಗೌರಿ ಎಂಬ ಹೆಸರು ಸುಮ್ಮನೆ ಬಂತೇ? ಆದರೆ ಚರ್ಚೆ ನಡೆಸುವ ಸರದಿ ಯಾರನ್ನು ಬಿಟ್ಟೀತು! ನಾಳೆ ಅವಳದೇ. ತಾನು ಪ್ರಶ್ನೆ ಕೇಳಿ, ಒಬ್ಬರೂ ಬಾಯಿಬಿಡದೆ ತನ್ನನ್ನೇ ನೋಡುತ್ತ ಕೂತರೆ? ಅದಕ್ಕೇ ಗಂಡನ ಮುಂದೆ ಈ ತಾಲೀಮು.

"ಕಥೆ ಏನು ಹೇಳು," ಎಂದ ಗಂಡ.

"ಒಬ್ಬ ಅಕ್ಕ. ತಮ್ಮಂದಿರನ್ನ ಸಾಕಿ ದೊಡ್ಡೋರನ್ನ ಮಾಡ್ತಾಳೆ. ಕೊನೇಲಿ ಮನೆಗೆ ಬೀಗ ಹಾಕಿ, ಯಾರಿಗೂ ಹೇಳದೆ ರೈಲು ಹತ್ತಿ ಹೊರಟುಹೋಗ್ತಾಳೆ."

"ಥೂ! ಸಾಕಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ. ಸೊಕ್ಕು ಆ ಹೆಂಗಸಿಗೆ."

"ಸೊಕ್ಕಾ?" ಕುರ್ಚಿ ಗಿರ್ರನೆ ತಿರುಗಿತು. "ಆ ತಮ್ಮಂದಿರು ಒಂದು ದಿನ ಆದ್ರೂ, ಅಕ್ಕಾ, ನೀನು ಉಂಡ್ಯಾ ಅಂತ ಕೇಳಿದ್ರಾ? ಅವಳು ಜ್ವರ ಬಂದು ಮಲಗಿದ್ರೆ, ನನ್ನ ಅಂಗಿ ಇಸ್ತ್ರಿ ಆಯ್ತಾ ಅಂತ ಕೇಳಿದ ಪುಣ್ಯಾತ್ಮ ಆ ದೊಡ್ಡ ತಮ್ಮ! ಬೀಗ ಹಾಕದೆ ಏನು ಆರತಿ ಎತ್ತಬೇಕಿತ್ತಾ? ಪುಸ್ತಕ ಮುಟ್ಟಿಲ್ಲ, ತೀರ್ಪು ಕೊಡೋಕೆ ಬಂದ್ರು, ದೊಡ್ಡ ನ್ಯಾಯಾಧೀಶರು!"

ಅಷ್ಟಕ್ಕೇ ನಿಂತೀತೆ? ಮೊದಲ ಅಧ್ಯಾಯದಿಂದ ಹಿಡಿದು ಕೊನೆಯ ತನಕ ತಮ್ಮಂದಿರ ಜನ್ಮ ಜಾಲಾಡಿದಳು. ಪ್ರಶ್ನೆಗಳ ಹಾಳೆ ಮಡಿಲಿನಿಂದ ಜಾರಿ ನೆಲದ ಕೂದಲಿನ ಮೇಲೆ ಬಿದ್ದದ್ದೂ ಗೊತ್ತಾಗಲಿಲ್ಲ. ಉಸಿರು ತೆಗೆದುಕೊಳ್ಳಲು ನಿಂತಾಗ ಕನ್ನಡಿಯಲ್ಲಿ ಗಂಡ ನಗುತ್ತಿದ್ದ.

"ನೋಡ್ದ್ಯಾ? ಗಿರಾಕಿನ ಹೇಗಿದ್ದೀರಿ ಅಂತ ಕೇಳಿದ್ರೆ ಬರೀ ಹ್ಞೂಂ ಅಂತಾನೆ. ಏನಾದ್ರೂ ತಪ್ಪು ಹೇಳು, ಮುಖದ ತುಂಬ ನೊರೆ ಇದ್ರೂ ಎದ್ದು ಕೂತು ತಿದ್ದುತ್ತಾನೆ. ನಮ್ಮ ಕಸುಬಿನ ಗುಟ್ಟು ಕಣೇ ಇದು. ನಾಳೆ ನೀನೂ ಅಕ್ಕನಿಗೆ ಸೊಕ್ಕು ಅಂತ್ಲೇ ಶುರು ಮಾಡು. ಆಮೇಲೆ ಅವರ ಬಾಯಿ ಮುಚ್ಚಿಸೋದೇ ಕಷ್ಟ."

ಅವಳಿಗೂ ನಗು ಬಂತು. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ನಾಳೆ ಬೇಗ ಬಂದರೆ ಸಾಕೆನಿಸಿತು. ಹಾಳೆ ಕೊಡವಿಕೊಂಡು ಬಾಗಿಲ ತನಕ ಹೋದವಳು ಥಟ್ಟನೆ ನಿಂತಳು.

"ರೀ, ಅಂದ್ರೆ... ಮದುವೆಯಾದಾಗಿಂದ ದಿನಾ ಬೆಳಿಗ್ಗೆ ನನ್ನ ಟೀಗೆ ಏನಾದ್ರೊಂದು ಕೊಂಕು ತೆಗೀತೀರಲ್ಲ, ಅದೂ?"

ಗಂಡ ಕತ್ತರಿಯನ್ನು ಬೆಳಕಿಗೆ ಹಿಡಿದು ಅಲಗು ಒರೆಸಿದ.

"ಟೀ ಚೆನ್ನಾಗೇ ಇರುತ್ತೆ ಕಣೇ. ಹಾಗಂದಿದ್ರೆ ನೀನು ಒಂದು ಮಾತೂ ಆಡದೆ ಖಾಲಿ ಲೋಟ ತಗೊಂಡು ಒಳಗೆ ಹೋಗಿಬಿಡ್ತಿದ್ದೆ."