ನಿದ್ದೆಯಲ್ಲಿ ಉಸಿರು

ಪಿತ್ತನಾಳದ ಕಲ್ಲು ತೆಗೆಯಲು ಶ್ರೀಪತಿಯ ಗಂಟಲಿನ ಮೂಲಕ ಎಂಡೋಸ್ಕೋಪ್ ಇಳಿಸಬೇಕಿತ್ತು. ಜ್ವರದಲ್ಲಿ ಅವನಿಗೆ ಮಾತಾಡುವ ಶಕ್ತಿ ಇರಲಿಲ್ಲ. ಅರಿವಳಿಕೆ ವೈದ್ಯೆ ಅವನ ಹೆಂಡತಿ ವನಮಾಲಾಳನ್ನು ಕೇಳಿದರು.

"ಗೊರಕೆ ಹೊಡೀತಾರಾ? ನಿದ್ದೇಲಿ ಉಸಿರು ನಿಲ್ಲುತ್ತಾ?"

"ಗೊತ್ತಿಲ್ಲ. ಒಂಬತ್ತು ವರ್ಷದಿಂದ ನಮ್ಮದು ಬೇರೆ ಬೇರೆ ಕೋಣೆ."

"ಸ್ವಲ್ಪ ನೆನಪು ಮಾಡ್ಕೊಳ್ಳಿ. ಅಂಥವರಿಗೆ ಮಾಮೂಲಿ ಡೋಸ್ ಕೊಟ್ಟರೆ ಉಸಿರೇ ನಿಂತುಹೋಗಬಹುದು."

"ಮದುವೆಯಾದ ಹೊಸದ್ರಲ್ಲಂತೂ ಇರಲಿಲ್ಲ. ಇಲ್ಲ ಅಂತಲೇ ಬರ್ಕೊಳ್ಳಿ."

ವೈದ್ಯೆ ಬರೆದುಕೊಂಡರು. ನರ್ಸ್ ಬಂದು ಅವನ ಸ್ಟ್ರೆಚರ್ ತಳ್ಳತೊಡಗಿದಳು. ಅವನನ್ನು ನೋಡಲು ಬಂದು ಬೆಳಗಿನಿಂದ ಬಾಗಿಲ ಬಳಿಯೇ ನಿಂತಿದ್ದ ಅವನ ಆಫೀಸಿನ ಸಹೋದ್ಯೋಗಿ ಜಯಶೀಲಾ, "ಒಂದ್ನಿಮಿಷ ಡಾಕ್ಟ್ರೇ," ಎಂದಳು.

ವನಮಾಲಾ ತಿರುಗಿ ನೋಡಲಿಲ್ಲ.

"ಇವರಿಗೆ ನಿದ್ದೇಲಿ ಉಸಿರು ನಿಲ್ಲುತ್ತೆ. ಎಷ್ಟೋ ರಾತ್ರಿ ನಾನೇ ಅಲುಗಾಡಿಸಿ ಎಬ್ಬಿಸಿದೀನಿ."